ಕಾಸೀಮಸಾಬನೂ ಯರಗುಪ್ಪಿ ಗಾಡಿಯ ನೀರೂ

ಸಂಶಿಯ ಬಸ್ ನಿಲ್ದಾಣದಿಂದ ಕುಂದಗೋಳದ ಕಡೆ ಹೊರಟರೆ ಎಡಕ್ಕೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಅದಕ್ಕೆ ಬೋರ್ಡಿಲ್ಲ. ಇದ್ದದ್ದು ಗಾಳಿಗೆ ಕಿತ್ತುಹೋಯಿತು. ಇನ್ನೊಂದು ಬರೆಸಬೇಕೋ ಬೇಡವೋ, ಬರೆಸಿದರೆ ಹಳೇ ಕಾಲದವರಂತೆ 'ನಾಜಲ್ ಪಂಪ್' ಎಂದು ಬರೆಸಬೇಕೋ ಈಗಿನವರಂತೆ 'ಇಂಜೆಕ್ಟರ್' ಎಂದು ಬರೆಸಬೇಕೋ ಎಂಬುದು ಬಗೆಹರಿಯದೆ ಆ ಜಾಗ ಖಾಲಿಯೇ ಉಳಿದಿದೆ. ಶೆಡ್ಡಿನ ಒಡೆಯ ಕಾಸೀಮಸಾಬನ ಸ್ವಭಾವ ಇಷ್ಟರಲ್ಲೇ ಅರ್ಧ ತಿಳಿದುಹೋಗುತ್ತದೆ.

ಉಳಿದರ್ಧವನ್ನು ಅವನ ಹೆಂಡತಿ ಗೌಸಬಿಯ ಬಾಯಿಂದಲೇ ಕೇಳಬೇಕು. ಸಂತೆಗೆ ಕಳಿಸಿದರೆ ಬದನೆಕಾಯಿ ಬುಟ್ಟಿಯ ಮುಂದೆ ಕೂತು, ಈಗಾಗಲೇ ಹುಳುಕಾದದ್ದು ಯಾವುದು, ಮನೆಗೆ ಹೋಗುವಷ್ಟರಲ್ಲಿ ಹುಳುಕಾಗುವುದು ಯಾವುದು ಎಂದು ಯೋಚಿಸುತ್ತ, ಮಾರುವವಳು ಗಂಟು ಕಟ್ಟಿ ಏಳುವತನಕ ಅಲ್ಲೇ ಇರುತ್ತಾನಂತೆ. ಮಗಳ ಮದುವೆಯ ಮಾತುಕತೆಯಲ್ಲಿ, ಹುಡುಗ ನಿಮಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದರೆ, ಒಳ್ಳೆಯವನಂತೆ ಕಾಣುತ್ತಾನೆ, ಆದರೆ ಕಾಣುವುದನ್ನು ನಂಬಿ ಏನು ಹೇಳುವುದು ಎಂದುಬಿಟ್ಟು ಬೀಗರ ಮುಖ ಕಪ್ಪಿಡುವಂತೆ ಮಾಡಿದ್ದನಂತೆ. ಮಗಳು ಸುಖವಾಗಿದ್ದಾಳೆ. ಈಗಲಾದರೂ ಒಪ್ಪಿಗೆಯೇ ಎಂದು ಗೌಸಬಿ ಕೆಣಕಿದರೆ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾನೆ. ಊರವರು ಬೆನ್ನ ಹಿಂದೆ ಅವನನ್ನು ಗೊಂದಲಸಾಬ ಎನ್ನುತ್ತಾರೆ. ಅದು ಅವನಿಗೂ ಗೊತ್ತು. ಅದು ಬೈಗುಳವೋ ಹೊಗಳಿಕೆಯೋ ಎಂಬುದು ಮಾತ್ರ ಗೊತ್ತಿಲ್ಲ.

ಆದರೂ ಸುತ್ತಲಿನ ಗಾಡಿಯವರು ಅವನ ಕಡೆಗೇ ಬರುತ್ತಾರೆ. ಎಂಜಿನ್ ತಡವರಿಸಿತೆಂದರೆ ಸಾಕು, ಬಾನೆಟ್ ಎತ್ತುವ ಮೊದಲೇ ಇಂಜೆಕ್ಟರ್ ಹೋಗಿದೆ ಎಂದು ತೀರ್ಪು ಕೊಡುವ ಮೆಕ್ಯಾನಿಕರಿಗೆ ನಮ್ಮಲ್ಲಿ ಬರವಿಲ್ಲ. ನಾಲ್ಕೂ ಇಂಜೆಕ್ಟರ್ ಬದಲಾದ ಮೇಲೂ ಗಾಡಿ ತಡವರಿಸಿದರೆ ಪಂಪು ಎನ್ನುತ್ತಾರೆ, ಪಂಪೂ ಬದಲಾದ ಮೇಲೆ ನಿಮ್ಮ ನಸೀಬು ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯ ಇದು. ಕಾಸೀಮಸಾಬ ಗಾಡಿ ಕಂಡ ಕೂಡಲೇ ಗೊಂದಲದಲ್ಲಿ ಬೀಳುತ್ತಾನೆ, ಬಿದ್ದದ್ದನ್ನು ಮುಚ್ಚಿಡುವುದಿಲ್ಲ.

ಅವನು ಹುಬ್ಬಳ್ಳಿಯಲ್ಲಿ ಉಸ್ತಾದನ ಕೈಕೆಳಗೆ ಕೆಲಸ ಕಲಿತಾಗ ಎಂಜಿನ್ನುಗಳು ಸರಳವಾಗಿದ್ದವು. ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಬೇಕು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟ ನಾಜಲ್. ಈಗಿನ ಗಾಡಿಯಲ್ಲಿ ಹಾಗೆ ಮಾಡಹೋದರೆ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಅದಕ್ಕೆಂದೇ ಸ್ಕ್ಯಾನರ್ ಬಂದಿದೆ, ಕಾಸೀಮಸಾಬನೂ ಒಂದು ಕೊಂಡಿದ್ದಾನೆ. ಅದು ಒತ್ತಡ ಕಡಿಮೆ ಎಂದು ಹೇಳುತ್ತದೆ, ಯಾಕೆ ಕಡಿಮೆ ಎಂದು ಹೇಳುವುದಿಲ್ಲ. ಕೂಸು ಅಳುತ್ತದೆ, ನೋವೆಲ್ಲಿ ಎಂದು ತಾಯಿ ಹುಡುಕಬೇಕು, ಹಾಗೆ. ಆದ್ದರಿಂದ ಅವನು ಡ್ರೈವರನನ್ನು ಎದುರಿಗೆ ಕೂರಿಸಿಕೊಂಡು ಕೇಳತೊಡಗುತ್ತಾನೆ. ಬೆಳಿಗ್ಗೆ ಹೇಗೆ, ಬಿಸಿಯಾದ ಮೇಲೆ ಹೇಗೆ, ಹೊರೆ ಇದ್ದಾಗ ಹೇಗೆ, ಏರಿನಲ್ಲಿ ಹೇಗೆ, ಹೊಗೆ ಕಪ್ಪೋ ಬಿಳಿಯೋ. ಕೇಳಿದಷ್ಟೂ ಗೊಂದಲ ಏರುತ್ತದೆ. ಏರಿ ಏರಿ, ಇನ್ನು ಏರಲು ಜಾಗವಿಲ್ಲದಾಗ ಇಳಿಯುತ್ತದೆ. ಆಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಾನೆ.

ಇಂಥ ಮನುಷ್ಯ ಒಂದು ಸಲ ಖಂಡಿತವಾಗಿ ಮಾತಾಡಿದ. ಆ ಒಂದು ಮಾತಿಗೆ ಇನ್ನೊಬ್ಬನ ಅನ್ನ ಹೋಯಿತು.

ಯರಗುಪ್ಪಿಯ ಕಾಶಿನಾಥನದೊಂದು ಪಿಕಪ್ ಗಾಡಿ ಇದೆ. ಊರಿನ ಉಳ್ಳಾಗಡ್ಡಿ, ಮೆಣಸಿನಕಾಯಿ, ಕಾಯಿಪಲ್ಲೆ ಎಲ್ಲ ಅದರಲ್ಲೇ ಹುಬ್ಬಳ್ಳಿ ಮಾರ್ಕೆಟ್ಟಿಗೆ ಹೋಗುತ್ತವೆ. ಕೊಂಡ ದಿನದಿಂದ ಅದನ್ನು ಓಡಿಸುತ್ತಿದ್ದವನು ಮುದಕಪ್ಪ, ಅದೇ ಊರಿನವನು. ಹೆಸರಿಗೆ ಮುದಕಪ್ಪನಾದರೂ ವಯಸ್ಸು ಮೂವತ್ತರ ಆಸುಪಾಸು. ಮಾತು ಕಡಿಮೆ, ಕೈ ಹಗುರ. ಗೇರು ಹಾಕಿದ್ದು ಪಕ್ಕದಲ್ಲಿ ಕೂತವನಿಗೆ ಗೊತ್ತಾಗುತ್ತಿರಲಿಲ್ಲ. ಹೊಲವಿಲ್ಲದ ಅವನ ಮನೆ ಆ ಗಾಡಿಯ ಮೇಲೆ ನಡೆಯುತ್ತಿತ್ತು.

ಈ ಗಾಡಿ ಒಂದು ಸಲ ಜಗ್ಗುವುದು ಬಿಟ್ಟು ಮುಗ್ಗರಿಸುತ್ತ ಶೆಡ್ಡಿಗೆ ಬಂತು. ಸ್ಕ್ಯಾನರ್ ಹಚ್ಚಿದರೆ ಅದೇ ಹಾಡು, ಒತ್ತಡ ಕಡಿಮೆ. ಕಾಸೀಮಸಾಬ ಇಂಜೆಕ್ಟರುಗಳಿಂದ ಹಿಂದಕ್ಕೆ ಹರಿಯುವ ಡೀಸೆಲನ್ನು ನಾಲ್ಕು ಕೆಮ್ಮಿನ ಔಷಧದ ಬಾಟಲಿಗಳಿಗೆ ಹಿಡಿದು ನೋಡಿದ. ಯಾವುದು ಸವೆದಿದೆಯೋ ಅದರ ಬಾಟಲಿ ಬೇಗ ತುಂಬಬೇಕು. ನಾಲ್ಕೂ ಸಮಸಮ. ಗಾಳಿ ಎಳೆಯುತ್ತಿದೆಯೇ ಎಂದು ಪೈಪು ನೋಡಿದ. ಅದೂ ಇಲ್ಲ. ಕೊನೆಗೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದರೆ, ಮೇಲೆ ಡೀಸೆಲ್ ನಿಂತಿತು, ಕೆಳಗೆ ನೀರು. ಅಷ್ಟೇ ತಾನೆ ಎಂದು ಸ್ವಚ್ಛ ಮಾಡಿ, ಬಂಕಿನಲ್ಲಿ ಬಂದಿರಬಹುದು, ಬಂಕು ಬದಲಿಸಿ ನೋಡಿರಿ ಎಂದು ಕಳಿಸಿದ. ಮುಂದಿನ ತಿಂಗಳು ಮತ್ತೆ ನೀರು, ಮೊದಲಿಗಿಂತ ಹೆಚ್ಚು. ಟ್ಯಾಂಕಿನ ಮುಚ್ಚಳ ಹೊಸದು ಹಾಕಿದ. ಅದರ ಮುಂದಿನ ತಿಂಗಳು ಇನ್ನೂ ಹೆಚ್ಚು ನೀರು, ಈ ಸಲ ಒಂದು ಇಂಜೆಕ್ಟರ್ ತುಕ್ಕು ಹಿಡಿದೇ ಹೋಗಿತ್ತು. ಮಳೆಗಾಲವಲ್ಲ. ಅದೇ ಬಂಕಿನ ಡೀಸೆಲ್ ಹಾಕಿಸಿದ ಬೇರೆ ಗಾಡಿಗಳು ಗುಂಡುಕಲ್ಲಿನಂತಿದ್ದವು. ಕಾಸೀಮಸಾಬನಿಗೆ ಊಟ ಸೇರದಾಯಿತು.

ಕಾಶಿನಾಥ ಕೆಟ್ಟವನೇನಲ್ಲ, ಆದರೆ ಅವಸರದವನು. ಮಾರ್ಕೆಟ್ಟಿಗೆ ಹೋಗಬೇಕಿದ್ದ ಉಳ್ಳಾಗಡ್ಡಿ ಮನೆಯಲ್ಲೇ ಮೊಳಕೆ ಬಿಟ್ಟಿತ್ತು. ಶೆಡ್ಡಿನೆದುರಿನ ಚಹಾದಂಗಡಿಯಲ್ಲಿ, ಮುದಕಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿರುವಾಗಲೇ, ಕಾಸೀಮಸಾಬನನ್ನು ಹಿಡಿದು ನಿಲ್ಲಿಸಿದ. ಇರಬಹುದು, ಆಗಬಹುದು ಕೇಳಿ ಸಾಕಾಗಿದೆ, ಒಂದು ಮಾತು ಹೇಳಿ, ಇಲ್ಲವಾದರೆ ಗಾಡಿ ಹುಬ್ಬಳ್ಳಿಗೆ ಒಯ್ಯುತ್ತೇನೆ ಎಂದ. ಕೂತಿದ್ದ ಒಬ್ಬ ಹಿಂದಿನಿಂದ, ಗೊಂದಲಸಾಬರ ಕಡೆ ಒಂದು ಮಾತು ಎಲ್ಲಿ ಸಿಗಬೇಕು ಎಂದು ನಕ್ಕ. ಆ ನಗು ಕಾಸೀಮಸಾಬನನ್ನು ಚುಚ್ಚಿತು. ನಿದ್ದೆಗೆಟ್ಟ ಕಣ್ಣು, ತಿಂಗಳುಗಟ್ಟಲೆ ಸೋತ ತಲೆ. ಡೀಸೆಲ್ ಕದ್ದು ಮಾರಿ, ಮಾಲೀಕನಿಗೆ ಡೀಸೆಲ್ ಮೀಟರಿನ ಮುಳ್ಳು ಸರಿಯಾಗಿ ಕಾಣಲೆಂದು ನೀರು ಸುರಿಯುವ ಡ್ರೈವರರ ಕತೆ ಅವನು ಬೇಕಾದಷ್ಟು ಕೇಳಿದ್ದ.

"ಇದರಾಗ ಗೊಂದಲ ಏನಿಲ್ರಿ. ನೀರು ತಾನ ನಡಕೊಂಡು ಬಂದು ಟ್ಯಾಂಕಿಗೆ ಏರೂದಿಲ್ಲ. ಡೀಸೆಲ್ ತಗದು ನೀರು ಹಾಕ್ಯಾರ. ಇದು ನನಗ ಗೊತ್ತೈತಿ" ಎಂದ.

ಬೇರೆ ಯಾರಾದರೂ ಹೇಳಿದ್ದರೆ ಎರಡು ಮಾತು ಎದುರು ಬರುತ್ತಿತ್ತು. ಕಾಸೀಮಸಾಬನೇ ಗೊತ್ತು ಎನ್ನುತ್ತಾನೆಂದರೆ ಅದಕ್ಕೆ ಮೇಲ್ಮಾತಿಲ್ಲ. ಕಾಶಿನಾಥ ತಿರುಗಿ, ಮುದಕಪ್ಪನ ಮುಂದೆ ಕೈ ಚಾಚಿದ. ಮುದಕಪ್ಪ ಕೀಲಿ ಕೊಟ್ಟ. ನಾನು ತೆಗೆದಿಲ್ಲ ಎಂದಷ್ಟೇ ಹೇಳಿದ, ಅದನ್ನೂ ಕಾಶಿನಾಥನಿಗಲ್ಲ, ಕಾಸೀಮಸಾಬನ ಮುಖ ನೋಡಿ ಹೇಳಿದ. ಕಾಸೀಮಸಾಬ ಚಹಾದ ಲೋಟದೊಳಗೆ ನೋಡುತ್ತಿದ್ದ.

ಡ್ರೈವರನ ಹತ್ತಿರ ಇರುವ ಆಸ್ತಿ ಒಂದೇ, ಹೆಸರು. ಅದು ಹೋದ ಮೇಲೆ ಶಲವಡಿಯಿಂದ ಕುಂದಗೋಳದತನಕ ಯಾರೂ ಅವನ ಕೈಗೆ ಕೀಲಿ ಕೊಡಲಿಲ್ಲ. ಟ್ರ್ಯಾಕ್ಟರಿನವರೂ ಕೊಡಲಿಲ್ಲ. ಮುದಕಪ್ಪ ಸಂಶಿಯಲ್ಲಿ ಹಮಾಲಿಗೆ ನಿಂತ. ಹತ್ತಿಯ ಅಂಡಿಗೆ ಬೆನ್ನ ಮೇಲೆ ಹೊತ್ತು ಶೆಡ್ಡಿನ ಮುಂದಿನಿಂದಲೇ ಹೋಗುತ್ತಿದ್ದ. ಕದ್ದವನು ಕೂಲಿಗೆ ಯಾಕೆ ನಿಂತ, ಕದ್ದದ್ದೆಲ್ಲಿ ಹೋಯಿತು ಎಂಬ ಪ್ರಶ್ನೆ ಕಾಸೀಮಸಾಬನ ತಲೆಯಲ್ಲಿ ಎದ್ದಿತು. ಅವನು ಅದನ್ನು ಒತ್ತಿ ಮಲಗಿಸಿದ. ಗೊತ್ತು ಎಂದು ಒಮ್ಮೆ ಹೇಳಿದ ಮೇಲೆ ಮತ್ತೆ ಗೊಂದಲಕ್ಕೆ ಇಳಿಯಲು ಅವನಿಗೆ ನಾಚಿಕೆಯಾಯಿತು.

ಮುಂದಿನ ತಿಂಗಳು ಗಾಡಿ ಮುಗ್ಗರಿಸುತ್ತ ಬಂತು. ಕಾಶಿನಾಥ ತಾನೇ ಓಡಿಸಿಕೊಂಡು ಬಂದಿದ್ದ. ಇಷ್ಟೂ ದಿನ ಕೀಲಿ ತನ್ನ ಸೊಂಟ ಬಿಟ್ಟು ಹೋಗಿಲ್ಲ ಎಂದ. ಕಾಸೀಮಸಾಬ ಲೋಟ ಹಿಡಿದ. ಲೋಟದ ತುಂಬ ನೀರು, ಮೇಲೆ ಹೆಸರಿಗೆ ಒಂದು ಎಳೆ ಡೀಸೆಲ್.

ಅವನು ಅಲ್ಲೇ ಟೈರಿನ ಮೇಲೆ ಕುಸಿದು ಕೂತ. ಕಳ್ಳನನ್ನು ಓಡಿಸಿದ ಮೇಲೂ ಕಳವು ನಿಲ್ಲಲಿಲ್ಲವೆಂದರೆ ಓಡಿಸಿದ್ದು ಕಳ್ಳನನ್ನಲ್ಲ. ಹಾಗಾದರೆ ಯಾರು? ಕಾಶಿನಾಥ ತನ್ನ ಗಾಡಿಗೆ ತಾನೇ ನೀರು ಹಾಕಿಕೊಳ್ಳುತ್ತಾನೆಯೇ? ದಾಯಾದಿಗಳೇ? ಅಥವಾ ತಾನು ಇಷ್ಟು ವರ್ಷ ಕಲಿತದ್ದರಲ್ಲೇ ಏನೋ ತಪ್ಪಿದೆಯೇ, ಡೀಸೆಲ್ಲೇ ಹೇಗೋ ನೀರಾಗುತ್ತಿದೆಯೇ? ಇಂಥ ಹುಚ್ಚು ಯೋಚನೆಗಳೂ ಬಂದುಹೋದವು. ಗೊಂದಲದಲ್ಲಿ ಅವನಿಗೆ ಯಾವತ್ತೂ ಒಂದು ಬಗೆಯ ನೆಮ್ಮದಿ ಇರುತ್ತಿತ್ತು. ಈ ಸಲ ಭಯವಿತ್ತು.

ಗಾಡಿಯ ಟ್ಯಾಂಕನ್ನೇ ಕೆಳಗಿಳಿಸಿದ. ಬೋಗುಣಿಗೆ ಬಗ್ಗಿಸಿದರೆ ತಳದಲ್ಲಿ ಬೂದಿಬಣ್ಣದ ನುಣುಪಾದ ರಾಡಿ. ಬೆರಳಿಗೆ ಹಚ್ಚಿಕೊಂಡು ತಿಕ್ಕಿದ. ಮಣ್ಣಲ್ಲ, ತುಕ್ಕೂ ಅಲ್ಲ. ಡೀಸೆಲ್ ಎಳೆಯುವ ಪೈಪಿನ ಜಾಳಿಗೆಗೆ ಒಂದು ಕಪ್ಪು ಚೂರು ಅಂಟಿತ್ತು. ತೊಳೆದು ಅಂಗೈ ಮೇಲೆ ಬಿಡಿಸಿದ. ಮೂರು ದಳ. ಬಿಲ್ವಪತ್ರಿ.

ಟ್ಯಾಂಕಿನಲ್ಲಿ ಬಿಲ್ವಪತ್ರಿ ಯಾಕೆ ಬಂತು? ಗಾಡಿ ಬಿಲ್ವದ ಗಿಡದ ಕೆಳಗೆ ನಿಲ್ಲುತ್ತದೆಯೇ, ನಿಂತರೂ ಎಲೆ ಮುಚ್ಚಳ ತೆಗೆದುಕೊಂಡು ಒಳಗೆ ಹೋಗುತ್ತದೆಯೇ? ಕಾಶಿನಾಥನನ್ನು ಕೇಳಿದರೆ ಅವನೂ ಬಾಯಿ ಬಿಟ್ಟುಕೊಂಡು ನಿಂತ. ಗಾಡಿ ನಿಲ್ಲುವ ಜಾಗ ನೋಡಬೇಕು ಎಂದು ಕಾಸೀಮಸಾಬ ಅವನ ಜೊತೆ ಬಸ್ಸು ಹತ್ತಿ ಯರಗುಪ್ಪಿಗೆ ಹೋದ. ಮನೆಯ ಮುಂದೆ ಬೇವಿನ ಗಿಡವಿತ್ತು, ಬಿಲ್ವ ಇರಲಿಲ್ಲ. ಕಾಶಿನಾಥ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಕಟ್ಟೆಯ ಮೇಲೆ ಅವನ ತಾಯಿ ನೀಲಕ್ಕ ಕಾಳು ಆರಿಸುತ್ತ ಕೂತಿದ್ದಳು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಗಾಡಿ ಹೇಗಿದೆ ಎಂದು, ಮೊಮ್ಮಗುವಿನ ಆರೋಗ್ಯ ಕೇಳುವಂತೆ ಕೇಳಿದಳು.

ಹುಷಾರಿಲ್ಲ ಎಂದ ಕಾಸೀಮಸಾಬ.

ನೀಲಕ್ಕ ನಿಟ್ಟುಸಿರು ಬಿಟ್ಟಳು. "ನಾನೂ ಏನೂ ಕಡಿಮಿ ಮಾಡಿಲ್ಲಪಾ. ಅಮಾಸಿಗೊಮ್ಮೆ ಮಠದಿಂದ ಪಾದೋದಕ ತಂದು ಕುಡಸ್ತೇನಿ."

"ಯಾರಿಗ ಯವ್ವಾ?"

"ಗಾಡಿಗೆ. ಎತ್ತು ಇದ್ದಾಗ ಎತ್ತಿಗೆ ಕುಡಸ್ತಿದ್ನಿ. ಮನಿಗೆ ದುಡದು ಹಾಕೂ ಜೀವಕ್ಕ ಮೊದಲ ಕೊಡಬೇಕು. ಎತ್ತು ಮಾರಿ ಇದನ್ನ ತಂದ್ರು, ಇದರ ಬಾಯಿಗೆ ಹಾಕ್ತೇನಿ."

ಮುಂದಿನದನ್ನು ಅವಳು ಸಂಕೋಚವಿಲ್ಲದೆ, ತುಸು ಹೆಮ್ಮೆಯಿಂದಲೇ ಹೇಳಿದಳು. ಅಮಾವಾಸ್ಯೆಯ ಪೂಜೆಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದಾದ ಮೇಲೆ ಡ್ರೈವರನ ಕೈಯಿಂದ ಟ್ಯಾಂಕಿನ ಮುಚ್ಚಳ ತೆಗೆಸಿ ಅವಳು ಚಮಚದಷ್ಟು ಪಾದೋದಕ ಬಿಡುತ್ತಿದ್ದಳು. ಆ ಹೊತ್ತಿಗೆ ಕಾಶಿನಾಥ ಕಾಯಿ ಹಂಚಲು ಓಣಿಯಲ್ಲಿರುತ್ತಿದ್ದ. ಅಷ್ಟರಲ್ಲಿ ಗಾಡಿ ಅದೇನೋ ಒಂದು ಸಲ ಕೆಮ್ಮಿತು. ಜಡ್ಡು ಬಂತಲ್ಲ ಎಂದು ಮುಂದಿನ ಅಮಾವಾಸ್ಯೆಗೆ ಒಂದು ಬಟ್ಟಲು ಹಾಕಿದಳು. ಜಡ್ಡು ಹೆಚ್ಚಾಯಿತು, ಅವಳು ತಂಬಿಗೆಗೆ ಏರಿದಳು. ಮುದಕಪ್ಪ ಕಳ್ಳನಾದ ಎಂದು ಕೇಳಿ ಎದೆ ಒಡೆದು, ಮನೆಗೆ ಯಾರದೋ ಕಣ್ಣು ಬಿದ್ದಿದೆ ಎಂದು ಈ ಸಲ ತುಂಬಿದ ಕೊಡವನ್ನೇ ತರಿಸಿ, ಕೀಲಿ ಬೇಡದ ಮುಚ್ಚಳವನ್ನು ತಾನೇ ತಿರುವಿ ತೆಗೆದು, ಅರ್ಧ ಬಗ್ಗಿಸಿದ್ದಳು. ವಿಭೂತಿ, ಪತ್ರಿ ಸಮೇತ.

ಕಾಸೀಮಸಾಬ ಕಟ್ಟೆಯ ಅಂಚಿಗೆ ಕೂತ. ಪ್ರತಿ ತಿಂಗಳೂ ಹೊಸ ಚಂದ್ರನನ್ನು ನೋಡಲು ಮಾಳಿಗೆ ಹತ್ತುವವನು ಅವನು. ಆ ಎಳೆ ಚಂದ್ರ ಕಂಡ ನಾಲ್ಕು ದಿನಕ್ಕೇ ಈ ಗಾಡಿ ಶೆಡ್ಡಿಗೆ ಬರುತ್ತಿತ್ತು. ಒಂದು ಸಲವೂ ಹೊಳೆದಿರಲಿಲ್ಲ. ಈಗ ಹೊಳೆದು ಏನು ಮಾಡುವುದು? ಹೇಳಿದರೆ ಈ ಮುದುಕಿ ಜೀವಮಾನವಿಡೀ ನಂಬಿದ ನೀರಿಗೆ ಒಬ್ಬ ಸಾಬ ಬಂದು ತಪ್ಪು ಹೊರಿಸಿದಂತಾಗುತ್ತದೆ. ಹೇಳದಿದ್ದರೆ ಮುದಕಪ್ಪ ಸಾಯುವತನಕ ಕಳ್ಳ. ಏನೋ ಕಾಯಿಲೆ, ಹೋಯಿತು ಎಂದು ತೇಲಿಸಿಬಿಡಬಹುದಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಬೆನ್ನ ಮೇಲೆ ಅಂಡಿಗೆ ಹೊತ್ತವನ ನೆನಪಾಗದಿದ್ದರೆ ಹಾಗೇ ಮಾಡುತ್ತಿದ್ದನೋ ಏನೋ.

ಹೇಳಿದ. ಎಂಜಿನ್ನಿಗೆ ನೀರು ಎಂದರೆ ಏನು, ಒಂದು ಬಟ್ಟಲು ನೀರು ಇಂಜೆಕ್ಟರಿಗೆ ಏನು ಮಾಡುತ್ತದೆ, ಮುದಕಪ್ಪನಿಗೆ ಯಾಕೆ ಕೂಲಿಯ ಪಾಡು ಬಂತು, ಎಲ್ಲ. ಮಧ್ಯೆ ಮಧ್ಯೆ ಪಾದೋದಕದ್ದೇನೂ ತಪ್ಪಿಲ್ಲ ಎಂದು ಸೇರಿಸುತ್ತ ತಡವರಿಸಿದ.

ನೀಲಕ್ಕ ಮೊರ ಕೆಳಗಿಟ್ಟಳು. ಕಾಶಿನಾಥ ಒರೆಸಿಕೊಳ್ಳುತ್ತ ಬಂದವನು ಮುಖಗಳನ್ನು ನೋಡಿ ನಿಂತ. ಮುದಕಪ್ಪನನ್ನು ಕರೆದುಕೊಂಡು ಬಾ ಎಂದು ಅವಳು ಮಗನಿಗೆ ಹೇಳಿ ಎದ್ದು ಒಳಗೆ ಹೋದಳು.

ಮುದಕಪ್ಪ ಬರಲಿಲ್ಲ. ಕೀಲಿ ಎಲ್ಲಿ ಕಸಿದುಕೊಂಡಿರೋ ಅಲ್ಲೇ ಕೊಡಿರಿ, ಯಾರ ಮುಂದೆ ಹೇಳಿದಿರೋ ಅವರ ಮುಂದೆಯೇ ಇಲ್ಲ ಎನ್ನಿರಿ ಎಂದು ಕಾಶಿನಾಥನಿಗೆ ಹೇಳಿ ಕಳಿಸಿದ. ನ್ಯಾಯದ ಮಾತು.

ಗಾಡಿ ಸ್ವಚ್ಛವಾಗಿ ಓಡುವಂತಾದ ಮೇಲೆ ಸಂತೆಯ ದಿನ ನೋಡಿ, ಚಹಾದಂಗಡಿ ತುಂಬಿರುವಾಗ, ಕಾಸೀಮಸಾಬ ಎದ್ದು ನಿಂತ. ಮುದಕಪ್ಪ ಹೊರಗೆ ಅದೇ ಕಂಬದ ಹತ್ತಿರ ಇದ್ದ. ನೀಲಕ್ಕನ ಹೆಸರು ತರಬಾರದೆಂದು ಕಾಸೀಮಸಾಬ ಮೊದಲೇ ನಿಶ್ಚಯಿಸಿದ್ದ. ಹಾಗಾಗಿ, ಮುದಕಪ್ಪ ಡೀಸೆಲ್ ಕದ್ದಿಲ್ಲ, ನೀರು ಬೇರೆ ದಾರಿಯಿಂದ ಬಂದಿತ್ತು, ನಾನು ಹೇಳಿದ್ದು ತಪ್ಪು ಎಂದಷ್ಟೇ ಹೇಳಿದ. ಯಾವ ದಾರಿ ಎಂದು ಒಬ್ಬ ಕೇಳಿದ. ಕಾಸೀಮಸಾಬ ತೊದಲಿದ. ಅಷ್ಟು ಸಾಕಾಯಿತು. ಮೂಲೆಯಿಂದ ಒಬ್ಬ, ಸಾಬರಿಗೆ ಮತ್ತೆ ಗೊಂದಲ ಆಯಿತು ನೋಡಿ ಎಂದ. ಅಂಗಡಿಗೆ ಅಂಗಡಿಯೇ ನಕ್ಕಿತು. ಇನ್ನೊಬ್ಬ, ಪಾಪ, ಒಳ್ಳೆಯ ಮನುಷ್ಯ, ಆ ಹುಡುಗನ ಮೇಲೆ ಕನಿಕರ ಬಂದಿರಬೇಕು ಎಂದ. ಗೊತ್ತು ಎಂದ ಒಂದು ದಿನ ಇವನನ್ನು ನಂಬಿದ ಜನ, ಗೊತ್ತಿರಲಿಲ್ಲ ಎನ್ನುವ ಈ ದಿನ ನಂಬಲಿಲ್ಲ. ಕಾಸೀಮಸಾಬನಿಗೆ ನಿಜವಾಗಿಯೂ ತಿಳಿಯದಾಯಿತು, ಇನ್ನು ಯಾವ ಮಾತಿನಿಂದ ಇದನ್ನು ಬಿಡಿಸುವುದು ಎಂದು.

ಆಗ ಬಾಗಿಲಿನ ಬೆಳಕಿಗೆ ಒಂದು ನೆರಳು ಅಡ್ಡಬಂತು. ಗಾಡಿಯಿಂದ ಇಳಿದು ನೀಲಕ್ಕ ಒಳಗೆ ಬಂದಿದ್ದಳು, ಹಿಂದೆ ಕಾಶಿನಾಥ. ಅವಳ ವಯಸ್ಸಿನ, ಅವಳ ಮನೆತನದ ಹೆಂಗಸು ಆ ಅಂಗಡಿಯ ಹೊಸ್ತಿಲು ತುಳಿದದ್ದನ್ನು ಯಾರೂ ಕಂಡಿರಲಿಲ್ಲ. ಕೂತವರು ಎದ್ದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಗಾಡಿಗೆ ನೀರು ಹಾಕಿದಾಕಿ ನಾನು" ಎಂದಳು. "ದೇವರ ನೀರು ಅಂತ ಹಾಕಿದ್ನಿ. ನನ್ನ ಕೈಯಿಂದ ಗಾಡಿ ಕೆಟ್ತು, ಇವನ ಹೆಸರು ಕೆಟ್ತು. ಇನ್ನ ಯಾರರ ಇವಂಗ ಕಳ್ಳ ಅಂದ್ರ, ನನಗ ಅಂದಂಗ."

ಯಾರೂ ನಗಲಿಲ್ಲ. ಕಾಶಿನಾಥ ಹೊರಗೆ ಹೋಗಿ ಎರಡೂ ಕೈಯಲ್ಲಿ ಕೀಲಿ ಹಿಡಿದು ಕೊಟ್ಟ. ಮುದಕಪ್ಪ ತೆಗೆದುಕೊಂಡ. ಮೊದಲು ನೀಲಕ್ಕನ ತೋಳು ಹಿಡಿದು ಗಾಡಿಯ ಮುಂದಿನ ಸೀಟಿಗೆ ಹತ್ತಿಸಿದ. ಅವಳು ಅಳುತ್ತಿದ್ದಳು, ಅವನು ಏನೋ ಮೆಲ್ಲಗೆ ಹೇಳಿ ಬಾಗಿಲು ಹಾಕಿದ.

ಕಾಸೀಮಸಾಬ ಅವನ ಹತ್ತಿರ ಹೋದ. ಬಹಳ ದಿನದಿಂದ ಕೊರೆಯುತ್ತಿದ್ದ ಒಂದು ಪ್ರಶ್ನೆ ಇತ್ತು. ಅವ್ವ ಟ್ಯಾಂಕಿಗೆ ಹಾಕುವಾಗ ಮುಚ್ಚಳ ತೆಗೆದುಕೊಡುತ್ತಿದ್ದವನು ನೀನೇ ಅಲ್ಲವೇ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಮುದಕಪ್ಪ ಅವನನ್ನು ನೋಡಿದ. ಸಿಟ್ಟು ಮಾಡಿಕೊಂಡಂತೆ ಕಾಣಲಿಲ್ಲ.

"ಪಾದೋದಕದಿಂದ ಗಾಡಿ ಕೆಡತೈತಿ ಅಂತ ನನಗ ಗೊತ್ತಿರಲಿಲ್ರಿ. ಅವ್ವಗೂ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲ. ಗೊತ್ತೈತಿ ಅಂದಾವ್ರು ನೀವೊಬ್ರ."

ಮುದಕಪ್ಪ ಉತ್ತರಕ್ಕೆ ಕಾಯಲಿಲ್ಲ. ಸುತ್ತಿ ಬಂದು ಡ್ರೈವರ್ ಸೀಟು ಹತ್ತಿ ಗಾಡಿ ತಿರುಗಿಸಿಕೊಂಡು ಯರಗುಪ್ಪಿಯ ದಾರಿ ಹಿಡಿದ. ಎಂಜಿನ್ನಿನಲ್ಲಿ ಒಂದು ಅಪಸ್ವರವೂ ಇರಲಿಲ್ಲ.